ಕುಶಿಂಗ್ಸ್ ಇರುವ ನಾಯಿ: ಗುಳಿಗೆ ನಡೆದಿದೆ, ಆದರೂ ಏನೋ ಸರಿಯಿಲ್ಲ ಅನ್ನಿಸಿದಾಗ

ನಾಯಿಗೆ ಕುಶಿಂಗ್ಸ್ ಎಂಬ ಹಾರ್ಮೋನ್ ಕಾಯಿಲೆ ಎಂದು ಡಾಕ್ಟರು ಹೇಳಿಯಾಯಿತು, ಅದಕ್ಕೆ ಕೊಡುವ ಟ್ರೈಲೋಸ್ಟೇನ್ ಕ್ಯಾಪ್ಸೂಲ್ ಶುರುವಾಯಿತು, ತಿಂಗಳ ಖರ್ಚಿಗೆ ಹೊಸದೊಂದು ಬಾಬತ್ತೂ ಸೇರಿತು. ಇಷ್ಟಾಗಿಯೂ ನಾಯಿ ಮತ್ತೆ ಬಕೆಟ್ಟಿಗೆ ಬಾಯಿ ಹಾಕುತ್ತಿದೆ, ಇಲ್ಲವೇ ಎರಡು ದಿನದಿಂದ ಮಂಕಾಗಿ ಮೂಲೆ ಹಿಡಿದಿದೆ. ಇಂಥ ಹೊತ್ತಿನಲ್ಲಿ ಎಲ್ಲಿಂದ ಹುಡುಕಬೇಕು ಎಂಬುದಕ್ಕೆ ಈ ಕೈಪಿಡಿ. ಬಾಗಲಕೋಟೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿನ ಪಶು ದವಾಖಾನೆಗಳಲ್ಲಿ ದಿನವಿಡೀ ಎಮ್ಮೆ, ಆಕಳು, ಕುರಿಗಳದೇ ಸರದಿ. ಹಾರ್ಮೋನ್ ಕಾಯಿಲೆಯ ನಾಯಿ ಅಪರೂಪಕ್ಕೊಮ್ಮೆ ಬರುತ್ತದೆ. ಹಾಗಾಗಿ ಮನೆಯವರು ಎಷ್ಟು ಚೆನ್ನಾಗಿ ಗಮನಿಸಿ ಹೇಳುತ್ತಾರೋ ಡಾಕ್ಟರಿಗೆ ಅಷ್ಟು ದಾರಿ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಕ್ಷಣ ಮರುಕಳಿಸಿದ ಕೂಡಲೇ "ಡೋಸ್ ಏರಿಸಿ" ಎಂದು ಕೇಳುವುದು ನಮ್ಮ ಕಡೆ ರೂಢಿ. ಈ ಕಾಯಿಲೆಯಲ್ಲಿ ಆ ರೂಢಿ ಅಪಾಯದ್ದು. ಔಷಧ ಕಡಿಮೆಯಾದರೆ ನಾಯಿ ನೀರು ಕುಡಿಯುತ್ತದೆ, ಅಷ್ಟೇ. ಹೆಚ್ಚಾದರೆ ಜೀವಕ್ಕೇ ಬರುತ್ತದೆ.

ಒಳಗೆ ಏನು ನಡೆದಿದೆ

ಮೂತ್ರಪಿಂಡಗಳ ಪಕ್ಕದಲ್ಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಬೇಕಾದ್ದಕ್ಕಿಂತ ಹೆಚ್ಚು ಸುರಿಸುವುದೇ ಕುಶಿಂಗ್ಸ್. ಅಮೆರಿಕದ ಮೆದುಳು ಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ ಮನುಷ್ಯರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ನಾಯಿಗಳಲ್ಲಿ ನೂರಕ್ಕೆ 80ರಿಂದ 85 ಪ್ರಕರಣಗಳಿಗೆ ಮೂಲ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿರುವ ಸಣ್ಣ ಗಡ್ಡೆ. ಉಳಿದವುಗಳಲ್ಲಿ ಗಡ್ಡೆ ಅಡ್ರಿನಲ್‌ನಲ್ಲೇ ಇರುತ್ತದೆ. ಇವೆರಡೂ ಅಲ್ಲದ ಮೂರನೆಯ ಬಗೆ ನಾವೇ ತಂದುಕೊಂಡದ್ದು: ತುರಿಕೆಗೆಂದು ತಿಂಗಳುಗಟ್ಟಲೆ ಕೊಟ್ಟ, ಕಾರ್ಟಿಸೋಲ್‌ನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್.

ಟ್ರೈಲೋಸ್ಟೇನ್ ಗಡ್ಡೆಯನ್ನು ಕರಗಿಸುವುದಿಲ್ಲ. ಅಡ್ರಿನಲ್‌ನಲ್ಲಿ ಕಾರ್ಟಿಸೋಲ್ ತಯಾರಾಗುವ ಒಂದು ಹಂತವನ್ನು ಕೆಲವು ತಾಸು ತಡೆಹಿಡಿಯುತ್ತದೆ, ಮುಂದಿನ ಕ್ಯಾಪ್ಸೂಲ್ ಹೊತ್ತಿಗೆ ಆ ತಡೆ ಸಡಿಲವಾಗಿರುತ್ತದೆ. ಅದಕ್ಕೇ ಇದು ಬಹುತೇಕ ಜೀವನಪೂರ್ತಿ ನಡೆಯುವ ಔಷಧ.

ಯಾವ ಲಕ್ಷಣ ಯಾವಾಗ ಇಳಿಯಬೇಕು ಎಂಬ ಅಂದಾಜು ಇಲ್ಲದಿದ್ದರೆ ಸುಮ್ಮನೆ ಗಾಬರಿಯಾಗುತ್ತದೆ. ಬಾಯಾರಿಕೆ, ಮೂತ್ರ, ಅತಿ ಹಸಿವು ಒಂದೆರಡು ವಾರದಿಂದ ತಿಂಗಳೊಳಗೆ ತಗ್ಗಲು ತೊಡಗುತ್ತವೆ. ಜೋತುಬಿದ್ದ ಹೊಟ್ಟೆ, ಬಲ ಕಳೆದುಕೊಂಡ ಹಿಂಗಾಲು ಸುಧಾರಿಸಲು ಇನ್ನೂ ಹೆಚ್ಚು ದಿನ ಬೇಕು. ಕೂದಲಂತೂ ಮೂರರಿಂದ ಆರು ತಿಂಗಳು ಕಾಯಿಸುತ್ತದೆ, ಎಷ್ಟೋ ಸಲ ಹೊಸದು ಬರುವ ಮುನ್ನ ಇದ್ದದ್ದೂ ಉದುರುತ್ತದೆ. ಮೂರನೇ ವಾರಕ್ಕೆ ಕೂದಲು ಬಂದಿಲ್ಲವೆಂದರೆ ಔಷಧ ಸೋತಿದೆ ಎಂದು ಅರ್ಥವಲ್ಲ.

ಲಕ್ಷಣ: ಊಟ ಬಿಟ್ಟಿದೆ, ವಾಂತಿ, ಭೇದಿ, ನಡುಕ, ಮಂಕು

ಸರಳದಿಂದ ಕಠಿಣಕ್ಕೆ ಹೋಗುವ ಕ್ರಮದಲ್ಲಿ ಇದು ಕೊನೆಗೆ ಬರಬೇಕಿತ್ತು. ಆದರೆ ಬೇರೆಲ್ಲವನ್ನೂ ಓದಿ ಮುಗಿಸುವಷ್ಟು ವ್ಯವಧಾನ ಇದಕ್ಕಿಲ್ಲ.

ಕುಶಿಂಗ್ಸ್ ನಾಯಿಯೆಂದರೆ ಸದಾ ಹಸಿದ ನಾಯಿ. ಅದು ಊಟದ ತಟ್ಟೆ ಮೂಸಿ ಹಿಂದಿರುಗಿದರೆ ಅದೇ ದೊಡ್ಡ ಎಚ್ಚರಿಕೆ. ಕಾರ್ಟಿಸೋಲ್ ತೀರ ಕೆಳಗಿಳಿದಿರಬಹುದು. ಆಗ ಮಾಡಬೇಕಾದ್ದು ಒಂದೇ: ಮುಂದಿನ ಕ್ಯಾಪ್ಸೂಲ್ ಕೊಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಒಂದೆರಡು ಡೋಸ್ ತಪ್ಪಿದ್ದರಿಂದ ಕುಶಿಂಗ್ಸ್ ನಾಯಿಗೆ ಕೇಡಾಗುವುದಿಲ್ಲ. ಕಾರ್ಟಿಸೋಲ್ ಇಳಿದಿರುವಾಗ ಇನ್ನೊಂದು ಕ್ಯಾಪ್ಸೂಲ್ ನುಂಗಿಸಿದರೆ ಕೇಡಾಗುತ್ತದೆ.

ನಮ್ಮ ಮನೆಯ ಮುದಿ ಪಾಮೇರಿಯನ್ ಗುಂಡ್ಯಾನ ವಿಷಯದಲ್ಲಿ ಒಂದು ಮುಂಜಾನೆ ನಡೆದ ಫೋನ್ ಮಾತನ್ನು ಇಲ್ಲಿ ಕೊಡುತ್ತೇನೆ. ಡಾಕ್ಟರು ಏನೇನು ಕೇಳುತ್ತಾರೆಂದು ಗೊತ್ತಿದ್ದರೆ ಉತ್ತರ ಸಿದ್ಧವಿಟ್ಟುಕೊಳ್ಳಬಹುದು.

"ಸರ್ರ, ಗುಂಡ್ಯಾ ಮುಂಜಾನಿಂದ ರೊಟ್ಟಿ ಮೂಸಿ ನೋಡಿ ಹೊಳ್ಳಿ ಹೋಗಾಕತ್ತೈತ್ರಿ."

"ಗುಳಿಗಿ ಕೊಟ್ರೇನು?"

"ಇಲ್ರಿ, ಇನ್ನೂ ಕೊಟ್ಟಿಲ್ಲ."

"ಚಲೋ ಆತು, ಕೊಡಬ್ಯಾಡ್ರಿ. ವಾಂತಿ ಏನರ ಆಗೈತೇನು? ಭೇದಿ?"

"ರಾತ್ರಿ ಒಮ್ಮೆ ಹಳದಿ ನೊರಿ ಕಾರೈತ್ರಿ."

"ನಿಂದ್ರಿಸಿ ನೋಡ್ರಿ, ಹಿಂಗಾಲು ನಡಗತಾವೇನು? ತುಟಿ ಎತ್ತಿ ವಸಡು ನೋಡ್ರಿ, ಬೆಳ್ಳಗಾಗೈತೇನು? ಆಗಿದ್ರ ಮಧ್ಯಾಹ್ನದ ತನಕಾ ಕಾಯಬ್ಯಾಡ್ರಿ, ಈಗ ಕರ್ಕೊಂಡ ಬರ್ರಿ. ಸೋಡಿಯಂ, ಪೊಟ್ಯಾಸಿಯಂ ನೋಡೂಣು."

ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿದ್ದರೆ ಅಡ್ರಿನಲ್ ಕೈಕೊಟ್ಟಿದೆ ಎಂಬ ಗುಮಾನಿ ಬಲವಾಗುತ್ತದೆ. ಪೊಟ್ಯಾಸಿಯಂ ಹೆಚ್ಚಿದರೆ ಹೃದಯದ ಬಡಿತ ನಿಧಾನವಾಗಿ ನಾಯಿ ಕುಸಿಯಬಹುದು. ಸಲೈನ್, ಇಂಜೆಕ್ಷನ್ ಸ್ಟೀರಾಯ್ಡ್ ದವಾಖಾನೆಯಲ್ಲೇ ಆಗಬೇಕು. ಈ ಎರಡು ಲವಣಗಳ ಪರೀಕ್ಷೆ ದುಬಾರಿಯಲ್ಲ, ತಾಲ್ಲೂಕು ಮಟ್ಟದ ಮನುಷ್ಯರ ಲ್ಯಾಬ್‌ಗಳಲ್ಲೂ ಆಗುತ್ತದೆ. ಡಾಕ್ಟರು ರಕ್ತ ತೆಗೆದುಕೊಟ್ಟರೆ ಕೆಲವು ಲ್ಯಾಬ್‌ನವರು ನಾಯಿಯ ಮಾದರಿಯನ್ನೂ ಹಾಕಿಕೊಡುತ್ತಾರೆ. ಯಾರು ಹಾಕಿಕೊಡುತ್ತಾರೆಂದು ನಾಯಿ ಚೆನ್ನಾಗಿರುವ ದಿನವೇ ವಿಚಾರಿಸಿ ಇಟ್ಟುಕೊಳ್ಳಿ. ದವಾಖಾನೆ ದೂರವಿರುವ ಹಳ್ಳಿಯವರಾದರೆ, ತುರ್ತಿಗೆ ಮನೆಯಲ್ಲಿ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಇಟ್ಟುಕೊಳ್ಳಬೇಕೇ, ಎಷ್ಟು ಕೊಡಬೇಕು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಸ್ವಂತ ಅಂದಾಜಿನಲ್ಲಿ ಕೊಡುವ ವಸ್ತು ಅದಲ್ಲ.

ಎಲ್ಲ ವಾಂತಿಗೂ ಟ್ರೈಲೋಸ್ಟೇನ್ ಕಾರಣವಲ್ಲ ಎಂಬುದೂ ನಿಜ. ಔಷಧ ಶುರುವಾದ ಮೊದಲ ದಿನಗಳಲ್ಲಿ ಸಣ್ಣ ಮಟ್ಟದ ಮಂಕು, ಒಂದೆರಡು ವಾಂತಿ ಕಾಣಿಸಿ ಹೋಗಬಹುದು. ಜಿಡ್ಡು ತಿಂದು ಮೇದೋಜೀರಕ ಗ್ರಂಥಿ ಊದಿರಬಹುದು, ಪಿತ್ತಕೋಶದ ತೊಂದರೆ ಇರಬಹುದು. ವಿಜಯಪುರದ ಕಡೆಯವರು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ನಾಯಿ ದ್ರಾಕ್ಷಿ ತಿಂದಿದೆಯೇ? ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡವನ್ನು ಹಾಳು ಮಾಡಬಲ್ಲವು, ಎಷ್ಟು ತಿಂದರೆ ಅಪಾಯ ಎಂಬುದಕ್ಕೆ ನಂಬಬಹುದಾದ ಗಡಿಯೂ ಇಲ್ಲ. ಕುಶಿಂಗ್ಸ್‌ನ ಹಸಿವಿಗೆ ಮನೂಕ ಒಣಗಲು ಹಾಕಿದ ಶೆಡ್ಡೂ ಒಂದೇ, ಹಬ್ಬಕ್ಕೆ ತಂದಿಟ್ಟ ಕರದಂಟಿನ ಡಬ್ಬಿಯೂ ಒಂದೇ. ತಿಂದ ಅನುಮಾನವಿದ್ದರೂ ಆ ತಾಸಿನಲ್ಲೇ ಹೋಗಬೇಕು. ಟ್ರೈಲೋಸ್ಟೇನ್ ಮೂತ್ರಪಿಂಡ ಕೆಟ್ಟ ನಾಯಿಗೆ ಕೊಡುವ ಔಷಧವೂ ಅಲ್ಲ.

ಲಕ್ಷಣ: ನೀರು ಕುಡಿಯುವುದು ತಗ್ಗಿಲ್ಲ, ಅಥವಾ ತಗ್ಗಿದ್ದು ಮತ್ತೆ ಏರಿದೆ

ಹೆಚ್ಚು ಜನ ಎಡವುವುದು ಇಲ್ಲಿಯೇ, ಹಣ ಹೆಚ್ಚು ಪೋಲಾಗುವುದೂ ಇಲ್ಲಿಯೇ. ಆದ್ದರಿಂದ ನಿಧಾನವಾಗಿ ನೋಡೋಣ.

ಮೊದಲು ಅಳೆಯಿರಿ. "ಭಾಳ ಕುಡೀತೈತ್ರಿ" ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮುಂಜಾನೆ ಒಂದು ಲೀಟರಿನ ಬಾಟಲಿ ತುಂಬಿ, ಬಟ್ಟಲಿಗೆ ಅದರಿಂದಲೇ ಹಾಕುತ್ತಾ ಹೋಗಿ. ಮರುದಿನ ಅದೇ ಹೊತ್ತಿಗೆ ಬಟ್ಟಲಿನಲ್ಲಿ ಮಿಕ್ಕದ್ದನ್ನು ಬಾಟಲಿಗೆ ಮರಳಿ ಸುರಿದು ಎಷ್ಟು ಖರ್ಚಾಗಿದೆ ನೋಡಿ. ಈ 24 ತಾಸು ಬಚ್ಚಲ ಬಾಗಿಲು ಹಾಕಿರಲಿ, ಹಿತ್ತಲಲ್ಲಿ ಪಾತ್ರೆ ತೊಳೆಯುವ ಬೋಗುಣಿ ಬೋರಲು ಹಾಕಿರಲಿ. ಮೂರು ದಿನದ ಲೆಕ್ಕ ತೆಗೆದು ಸರಾಸರಿ ಮಾಡಿ. ಆರೋಗ್ಯವಂತ ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ 50–60 ಮಿಲಿ ಲೀಟರ್ ಸಾಕು. 100 ದಾಟಿದರೆ ಅತಿ ಎಂದೇ ಲೆಕ್ಕ. 7 ಕಿಲೋ ಪಾಮೇರಿಯನ್ ದಿನಕ್ಕೆ 700 ಮಿಲಿಗಿಂತ ಹೆಚ್ಚು ಕುಡಿಯುತ್ತಿದ್ದರೆ ಕಾರಣ ಹುಡುಕಲೇಬೇಕು. ಒಣ ಕಾಳಿನಂಥ ಪ್ಯಾಕೆಟ್ ಆಹಾರ ತಿನ್ನುವ ನಾಯಿ ಹೆಚ್ಚು ಕುಡಿಯುತ್ತದೆ, ಹಾಲು-ರೊಟ್ಟಿ, ಅನ್ನ-ಮಜ್ಜಿಗೆ ಉಣ್ಣುವುದು ಕಡಿಮೆ. ಮಾರ್ಚ್‌ನಿಂದ ಮೇ ತನಕ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುವಾಗ ಯಾವ ನಾಯಿಯಾದರೂ ಹೆಚ್ಚೇ ಕುಡಿಯುತ್ತದೆ, ಅದನ್ನೂ ತೂಗಿ ನೋಡಬೇಕು.

ಎಷ್ಟೇ ಕುಡಿಯಲಿ, ನೀರಿನ ಬಟ್ಟಲು ಎತ್ತಿಡಬೇಡಿ. ಮನೆಯೆಲ್ಲ ಒದ್ದೆಯಾಗುತ್ತದೆಂದು ರಾತ್ರಿ ನೀರು ಕಡಿಮೆ ಮಾಡುವವರಿದ್ದಾರೆ. ಈ ನಾಯಿ ಕುಡಿದದ್ದಕ್ಕೆ ಉಚ್ಚೆ ಹೊಯ್ಯುತ್ತಿಲ್ಲ, ಉಚ್ಚೆ ತಡೆಯಲಾಗದ್ದಕ್ಕೆ ಕುಡಿಯುತ್ತಿದೆ. ನೀರು ನಿಲ್ಲಿಸಿದರೆ ಮೈ ಒಣಗುತ್ತದೆ.

ಅಳತೆ ನಿಜಕ್ಕೂ ಹೆಚ್ಚಿದ್ದರೆ ಮುಂದಿನ ಪ್ರಶ್ನೆ: ಕ್ಯಾಪ್ಸೂಲ್ ಹೊಟ್ಟೆಗೆ ಸೇರುತ್ತಿದೆಯೇ? ಪೇಡೆಯಲ್ಲೋ ಕುಂದಾದಲ್ಲೋ ಹುದುಗಿಸಿ ಕೊಟ್ಟರೆ ಜಾಣ ನಾಯಿ ಸಿಹಿ ನೆಕ್ಕಿ ಕ್ಯಾಪ್ಸೂಲನ್ನು ಮಂಚದ ಕೆಳಗೆ ಉಗುಳುತ್ತದೆ. ಕಸ ಗುಡಿಸುವಾಗ ಸಿಕ್ಕರೆ ಪುಣ್ಯ. ಈ ಔಷಧ ಹೊಟ್ಟೆ ತುಂಬ ಊಟದ ಜೊತೆಗೆ ಹೋದರೇ ಸರಿಯಾಗಿ ಒಳಗೆ ಸೇರುತ್ತದೆ, ಬರಿಹೊಟ್ಟೆಗೆ ಕೊಟ್ಟರೆ ಅರ್ಧಂಬರ್ಧ. ಒಂದು ತುತ್ತು ಪೇಡೆ ಊಟವಲ್ಲ. ಅರ್ಧ ಊಟ ಹಾಕಿ, ನಡುವೆ ಕ್ಯಾಪ್ಸೂಲ್ ನುಂಗಿಸಿ, ಉಳಿದರ್ಧ ಹಾಕುವುದು ನನ್ನ ಮಟ್ಟಿಗೆ ಅತ್ಯುತ್ತಮ ಉಪಾಯ. ಹಸಿವಿನ ಆಸೆಗೆ ಉಗುಳುವ ಗೋಜಿಗೆ ಹೋಗುವುದಿಲ್ಲ, ಹಸಿವು ಇದೆಯೋ ಇಲ್ಲವೋ ಎಂಬುದೂ ಕ್ಯಾಪ್ಸೂಲ್ ಕೊಡುವ ಮೊದಲೇ ತಿಳಿದುಹೋಗುತ್ತದೆ.

ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಎರಡು ಪಾಲು ಮಾಡುವುದು ಬೇಡ. ಪಾಲು ಸಮನಾಗುವುದಿಲ್ಲ, ಪುಡಿ ಕೈಗೂ ಮೂಗಿಗೂ ಹತ್ತುತ್ತದೆ. ಒಂದು ಡೋಸ್ ಮರೆತರೆ ಮುಂದಿನದನ್ನು ಎಂದಿನಂತೆ ಕೊಡಿ, ಎರಡು ಸೇರಿಸಿ ಕೊಡಬೇಡಿ. ಇಟ್ಟ ಜಾಗವನ್ನೂ ನೋಡಿ: ಡಬ್ಬಿಯ ಮೇಲೆ ಹೇಳಿರುವುದು 25 ಡಿಗ್ರಿಯ ಆಸುಪಾಸು, ಹೆಚ್ಚೆಂದರೆ 30. ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೆಳಗೆ, ಫ್ರಿಜ್ಜಿನ ನೆತ್ತಿಯ ಮೇಲೆ, ಸ್ಕೂಟರ್ ಡಿಕ್ಕಿಯಲ್ಲಿ ಅಷ್ಟು ತಂಪು ಎಲ್ಲಿಂದ ಬರಬೇಕು. ಒಳಕೋಣೆಯ ಕಪಾಟು ಸಾಕು.

ಆಮೇಲೆ ಮನೆಯಲ್ಲಿರುವ ಬೇರೆ ಸ್ಟೀರಾಯ್ಡ್ ಹುಡುಕಿ. ಕಿವಿಗೆ ಹಾಕುವ ಹನಿ, ಕಣ್ಣಿನ ಹನಿ, ತುರಿಕೆಗೆ ಹಚ್ಚುವ ಮುಲಾಮು ಎಲ್ಲದರ ಹೆಸರನ್ನೂ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಪ್ರೆಡ್ನಿಸೋಲೋನ್ ಎಂದಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯ ಹಿರಿಯರು ತಮ್ಮ ಕಾಲಿನ ಕಜ್ಜಿಗೆ ಹಚ್ಚಿಕೊಂಡ ಮುಲಾಮನ್ನು ನಾಯಿ ದಿನಾ ನೆಕ್ಕುವುದೂ ಲೆಕ್ಕಕ್ಕೆ ಬರುತ್ತದೆ. ಆದರೆ ತಿಂಗಳುಗಟ್ಟಲೆ ಕೊಡುತ್ತಿದ್ದ ಸ್ಟೀರಾಯ್ಡ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರು ಹಂತಹಂತವಾಗಿ ಇಳಿಸುತ್ತಾರೆ.

ಇಷ್ಟೆಲ್ಲ ಸರಿಯಿದ್ದರೆ ಮೂತ್ರ ಪರೀಕ್ಷೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೂತ್ರದ ಪಟ್ಟಿಯಲ್ಲಿ ಸಕ್ಕರೆ ಕಂಡರೆ ನಾಯಿಗೆ ಸಕ್ಕರೆ ಕಾಯಿಲೆ ಸೇರಿಕೊಂಡಿರಬಹುದು, ಕುಶಿಂಗ್ಸ್ ಇರುವ ಕೆಲವು ನಾಯಿಗಳಿಗೆ ಅದೂ ಬರುತ್ತದೆ. ಮೂತ್ರದ ಸಾಂದ್ರತೆಯನ್ನು ಮಾತ್ರ ಈ ಪಟ್ಟಿಯಲ್ಲಿ ನಂಬಬೇಡಿ, ಅದಕ್ಕೆ ದವಾಖಾನೆಯ ಉಪಕರಣ ಬೇಕು. ರಕ್ತದಲ್ಲಿ ಕ್ರಿಯಾಟಿನಿನ್ ನೋಡಿದರೆ ಮೂತ್ರಪಿಂಡದ ಸ್ಥಿತಿ ತಿಳಿಯುತ್ತದೆ. ಕಾರ್ಟಿಸೋಲ್ ಪರೀಕ್ಷೆಯ ಸರದಿ ಇವೆಲ್ಲ ಆದಮೇಲೆ.

ಹಗಲು ಚೆನ್ನಾಗಿದ್ದು ರಾತ್ರಿ ಮಾತ್ರ ಬಾಯಾರಿಕೆ, ಉಚ್ಚೆ ಹೆಚ್ಚುತ್ತಿದ್ದರೆ ಅದೂ ಒಂದು ಸುಳಿವು. ದಿನಕ್ಕೊಮ್ಮೆ ಕೊಡುವ ಔಷಧದ ಪ್ರಭಾವ ಸಂಜೆಯೊಳಗೆ ಮುಗಿಯುತ್ತಿರಬಹುದು. ಅಂಥ ನಾಯಿಗೆ ಡಾಕ್ಟರು ಪ್ರಮಾಣ ಹೆಚ್ಚಿಸದೆ ಎರಡು ಹೊತ್ತಿಗೆ ಹಂಚಿ ನೋಡುತ್ತಾರೆ. ನಿಮ್ಮ ವಹಿಯಲ್ಲಿ ಹಗಲಿನ ನೀರು, ರಾತ್ರಿಯ ನೀರು ಬೇರೆಬೇರೆ ಬರೆದಿದ್ದರೆ ಈ ತೀರ್ಮಾನಕ್ಕೆ ಹೆಚ್ಚಿನ ಪರೀಕ್ಷೆ ಬೇಕಾಗದೆಯೂ ಹೋಗಬಹುದು.

ಲಕ್ಷಣ: ಮನೆಯೊಳಗೆ ಉಚ್ಚೆ, ದುರ್ವಾಸನೆ, ಹನಿಹನಿಯಾಗಿ ಹೋಗುವುದು

ಕಾರ್ಟಿಸೋಲ್ ಹೆಚ್ಚಿದ ಮೈಯಲ್ಲಿ ಸೋಂಕಿಗೆ ತಡೆ ಕಡಿಮೆ, ಉರಿಯೂತದ ಗುರುತೂ ಕಡಿಮೆ. ಮೂತ್ರನಾಳದ ಸೋಂಕು ನೋವಿಲ್ಲದೆ, ಜ್ವರವಿಲ್ಲದೆ ತಿಂಗಳುಗಟ್ಟಲೆ ಕೂತಿರಬಹುದು. ತಿಣುಕುವುದು, ರಕ್ತದ ಬಣ್ಣ, ಹೊಸ ವಾಸನೆ ಕಂಡರೆ ಮೂತ್ರದ ಕಲ್ಚರ್, ಎಂದರೆ ಅದರಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಮಾಡಿಸಿ. ಮುಂಜಾನೆಯ ಮೂತ್ರವನ್ನು ಬಿಸಿನೀರಲ್ಲಿ ತೊಳೆದ ಸೌಟಿನಲ್ಲಿ ಹಿಡಿಯಬಹುದು. ಆದರೆ ಕಲ್ಚರ್‌ಗೆ ಡಾಕ್ಟರು ಸೂಜಿಯಿಂದ ನೇರ ಮೂತ್ರಕೋಶದಿಂದ ತೆಗೆದ ಮಾದರಿಯೇ ಒಳ್ಳೆಯದು. ಹಿಂದೆ ಉಳಿದ ಆಂಟಿಬಯೋಟಿಕ್ ನಾಲ್ಕು ಗುಳಿಗೆ ಕೊಟ್ಟು ನೋಡುವ ಪದ್ಧತಿ ಬಿಡಿ. ಗಂಡು ನಾಯಿ ತಿಣುಕಿದರೂ ಒಂದು ಹನಿಯೂ ಬರುತ್ತಿಲ್ಲವೆಂದರೆ ಅದು ಅಂದೇ ದವಾಖಾನೆಗೆ ಹೋಗಬೇಕಾದ ಸಂಗತಿ.

ಲಕ್ಷಣ: ಕೂದಲು ಬರುತ್ತಿಲ್ಲ, ಚರ್ಮ ಕಪ್ಪಗೆ, ಗಟ್ಟಿ ಗಂಟು

ಕಾಯುವುದೇ ಮೊದಲ ಪರೀಕ್ಷೆ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಎರಡೂ ಪಕ್ಕೆಯ ಫೋಟೋ ತೆಗೆದಿಡಿ. ಆರು ತಿಂಗಳಾದರೂ ಬದಲಾವಣೆಯಿಲ್ಲದಿದ್ದರೆ ಚರ್ಮ ಕೆರೆದು ಹುಳುಕಜ್ಜಿ, ಬ್ಯಾಕ್ಟೀರಿಯಾ, ಶಿಲೀಂಧ್ರ ನೋಡಬೇಕು. ಚರ್ಮದೊಳಗೆ ಸುಣ್ಣದ ಚೂರಿನಂಥ ಗಟ್ಟಿ, ಒರಟು ಪಟ್ಟಿಗಳಿದ್ದರೆ ಅದು ಕ್ಯಾಲ್ಸಿಯಂ ಕಟ್ಟಿದ್ದು, ಕೀಳಬೇಡಿ, ಹುಣ್ಣಾಗುತ್ತದೆ.

ಥೈರಾಯ್ಡ್ ವಿಷಯದಲ್ಲಿ ಒಂದು ಎಚ್ಚರ. ಕುಶಿಂಗ್ಸ್ ತಾನೇ ಥೈರಾಯ್ಡ್ ಹಾರ್ಮೋನಾದ ಟಿ4 ಮಟ್ಟವನ್ನು ಕೆಳಗೆ ತೋರಿಸುತ್ತದೆ. ರಿಪೋರ್ಟಿನಲ್ಲಿ ಕಡಿಮೆ ಬಂದ ಕೂಡಲೇ ಥೈರಾಯ್ಡ್ ಗುಳಿಗೆ ಶುರುಮಾಡಿದರೆ ಇಲ್ಲದ ಕಾಯಿಲೆಗೆ ತಿಂಗಳ ಖರ್ಚು ಸೇರುತ್ತದೆ. ಮುಧೋಳ ನಾಯಿ ಸಾಕಿದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಓಟದ ತಳಿಗಳಲ್ಲಿ ಆರೋಗ್ಯವಿದ್ದಾಗಲೂ ಟಿ4 ಬೇರೆ ನಾಯಿಗಳಿಗಿಂತ ಕಡಿಮೆ ಇರುವುದು ಸಾಮಾನ್ಯ. ಮುಧೋಳ ನಾಯಿಯದು ಬೆನ್ನಿಗೆ ಹತ್ತಿದ ಹೊಟ್ಟೆ, ಅದು ಜೋತು ಬಿದ್ದರೆ ಮನೆಯವರ ಕಣ್ಣಿಗೆ ಬೇಗ ಬೀಳುತ್ತದೆ ಎಂಬುದೊಂದೇ ಅನುಕೂಲ. ಪಾಮೇರಿಯನ್ನಿನ ದಟ್ಟ ಕೂದಲಲ್ಲಿ ಹೊಟ್ಟೆ ಅಡಗಿಬಿಡುತ್ತದೆ, ಕೈಯಾಡಿಸಿಯೇ ನೋಡಬೇಕು.

ಲಕ್ಷಣ: ತೇಕುವುದು, ಕುಂಟುವುದು, ಗೋಡೆಗೆ ತಲೆ ಒತ್ತುವುದು

ಕುಶಿಂಗ್ಸ್ ನಾಯಿ ತೇಕುವುದು ಸಾಮಾನ್ಯ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ತಂಪು ನೆಲದಲ್ಲಿ, ಫ್ಯಾನಿನ ಕೆಳಗೆ ಮಲಗಿದ ಮೇಲೂ ತೇಕುತ್ತಿದ್ದರೆ ರಕ್ತದೊತ್ತಡ ನೋಡಿಸಿ. ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಗಿ, ನಾಲಿಗೆ ನೀಲಿಗಟ್ಟಿದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಮನೆಮದ್ದಿಲ್ಲ, ಆ ಕ್ಷಣವೇ ಹೊರಡಬೇಕು.

ಔಷಧ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ನಾಯಿ ಕುಂಟತೊಡಗಿದರೆ ಅಚ್ಚರಿಪಡಬೇಡಿ. ಹೆಚ್ಚಿದ್ದ ಕಾರ್ಟಿಸೋಲ್ ಹಳೆಯ ಕೀಲುನೋವನ್ನು ಮುಚ್ಚಿಟ್ಟಿತ್ತು, ಈಗ ಅದು ಹೊರಬಂದಿದೆ. ನಿಮಗೆ ಬರೆದುಕೊಟ್ಟ ಐಬುಪ್ರೊಫೆನ್, ಡೈಕ್ಲೋಫಿನಾಕ್, ಪ್ಯಾರಾಸಿಟಮಾಲ್ ನಾಯಿಗೆ ಕೊಡಬೇಡಿ, ನಾಯಿಗಳಿಗೆಂದೇ ಇರುವ ನೋವಿನ ಔಷಧ ಡಾಕ್ಟರು ಕೊಡುತ್ತಾರೆ. ಹೃದಯಕ್ಕೋ ರಕ್ತದೊತ್ತಡಕ್ಕೋ ಎನಲಾಪ್ರಿಲ್, ಬೆನಜೆಪ್ರಿಲ್, ಸ್ಪೈರೊನೋಲ್ಯಾಕ್ಟೋನ್ ನಡೆದಿದ್ದರೆ ಅದನ್ನೂ ಹೇಳಿ. ಟ್ರೈಲೋಸ್ಟೇನ್ ಜೊತೆ ಇವು ಪೊಟ್ಯಾಸಿಯಂ ಏರಿಸಬಲ್ಲವು.

ಗುರಿಯಿಲ್ಲದೆ ಸುತ್ತುವುದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು, ಪರಿಚಿತ ಮನೆಯಲ್ಲೇ ದಾರಿ ತಪ್ಪುವುದು, ಫಿಟ್ಸ್ ಇವೆಲ್ಲ ಪಿಟ್ಯುಟರಿ ಗಡ್ಡೆ ದೊಡ್ಡದಾಗುತ್ತಿರುವ ಸೂಚನೆ ಇರಬಹುದು. ಮನೆಯ ಪರೀಕ್ಷೆಗಳು ಇಲ್ಲಿಗೆ ನಿಲ್ಲುತ್ತವೆ. ಸಿಟಿ ಅಥವಾ ಎಂಆರ್‌ಐ ಬೇಕಾಗಬಹುದು, ಅದಕ್ಕೆ ದೊಡ್ಡ ಊರು ಹಿಡಿಯಬೇಕು.

ಲಕ್ಷಣ: ರಿಪೋರ್ಟ್ ಒಂದು ಹೇಳುತ್ತದೆ, ನಾಯಿ ಇನ್ನೊಂದು ಹೇಳುತ್ತದೆ

ಕಾರ್ಟಿಸೋಲ್ ಅಂಕಿ ನೋಡಿ ಗಾಬರಿಯಾಗುವ ಮೊದಲು ಅಳತೆಯ ಮಾನ ನೋಡಿ. ಕೆಲವು ಲ್ಯಾಬ್ ಮೈಕ್ರೋಗ್ರಾಂನಲ್ಲಿ ಕೊಡುತ್ತದೆ, ಕೆಲವು ನ್ಯಾನೋಮೋಲ್‌ನಲ್ಲಿ. ಒಂದು ಡೆಸಿಲೀಟರಿಗೆ 1 ಮೈಕ್ರೋಗ್ರಾಂ ಎಂದರೆ ಲೀಟರಿಗೆ ಸುಮಾರು 27.6 ನ್ಯಾನೋಮೋಲ್. ಕಳೆದ ಸಲ 4, ಈ ಸಲ 110 ಬಂದಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ. ರಿಪೋರ್ಟಿನ ಬಲಬದಿಯಲ್ಲಿ ಅಚ್ಚಾಗಿರುವ ಸಾಮಾನ್ಯ ಮಿತಿ ಮನುಷ್ಯರದು, ಚಿಕಿತ್ಸೆಯಲ್ಲಿರುವ ನಾಯಿಗೆ ಅದು ಅನ್ವಯಿಸುವುದಿಲ್ಲ.

ಎರಡನೆಯದು ಸಮಯ. ಎಸಿಟಿಎಚ್ ಪರೀಕ್ಷೆಯನ್ನು (ಅಡ್ರಿನಲ್ ಅನ್ನು ಕೆಣಕುವ ಎಸಿಟಿಎಚ್ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ಕಾರ್ಟಿಸೋಲ್ ಎಷ್ಟು ಏರುತ್ತದೆಂದು ನೋಡುವುದು) ಕ್ಯಾಪ್ಸೂಲ್ ಕೊಟ್ಟ 4ರಿಂದ 6 ತಾಸಿನೊಳಗೆ ಮಾಡಬೇಕು, ಆ ಮುಂಜಾನೆಯೂ ಊಟದೊಂದಿಗೆ ಔಷಧ ಕೊಟ್ಟಿರಬೇಕು. ಪರೀಕ್ಷೆಯಿದೆಯೆಂದು ಉಪವಾಸ ಹಾಕಿ ಬರಿಹೊಟ್ಟೆಗೆ ಕ್ಯಾಪ್ಸೂಲ್ ಕೊಟ್ಟು ಒಯ್ದರೆ ಅಂಕಿ ದಾರಿ ತಪ್ಪಿಸುತ್ತದೆ. ಬಾಗಲಕೋಟೆಯಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವವರು ಪ್ರಯಾಣದ ತಾಸುಗಳನ್ನು ಸೇರಿಸಿ ಲೆಕ್ಕ ಹಾಕಿ. ದೀಪಾವಳಿ ಪಟಾಕಿಯ ಮರುದಿನ, ಗಲಾಟೆಯ ಬಸ್ಸಿನಲ್ಲಿ ಒಯ್ದ ದಿನ ಕಾರ್ಟಿಸೋಲ್ ಏರಿರುವುದೂ ಉಂಟು.

ಎಸಿಟಿಎಚ್ ಇಂಜೆಕ್ಷನ್ ಎಲ್ಲ ಊರಲ್ಲೂ ಸಿಗುವುದಿಲ್ಲ, ಸಿಕ್ಕರೂ ಅಗ್ಗವಲ್ಲ. ಅದಕ್ಕಾಗಿ ಹಲವು ಡಾಕ್ಟರುಗಳು ಮುಂದಿನ ಕ್ಯಾಪ್ಸೂಲ್‌ಗೆ ತುಸು ಮೊದಲು ಒಂದೇ ಸಲ ರಕ್ತ ತೆಗೆದು ಕಾರ್ಟಿಸೋಲ್ ನೋಡುತ್ತಾರೆ. ಚೆನ್ನಾಗಿ ಊಟ ಮಾಡಿಕೊಂಡು ಆರಾಮಾಗಿರುವ ನಾಯಿಗೆ ಇದು ಸಾಕಾಗಬಹುದು. ಮಂಕಾದ, ಊಟ ಬಿಟ್ಟ ನಾಯಿಗೆ ಇದನ್ನು ನಂಬಿ ಕೂರುವಂತಿಲ್ಲ. ಇನ್ನು, ಕಾಯಿಲೆ ಪತ್ತೆಗೆ ಮಾಡಿದ್ದ ಎಂಟು ತಾಸಿನ ಡೆಕ್ಸಾಮೆಥಾಸೋನ್ ಪರೀಕ್ಷೆಯನ್ನು ಔಷಧ ಸರಿಹೊಂದಿದೆಯೇ ಎಂದು ನೋಡಲು ಮತ್ತೆ ಮಾಡಿಸಬೇಕಿಲ್ಲ, ಅದರ ಕೆಲಸ ಅದಲ್ಲ.

ಲಕ್ಷಣ: ಖರ್ಚು ಕೈ ಮೀರುತ್ತಿದೆ

ಇದೂ ಒಂದು ಲಕ್ಷಣವೇ. ದುಡ್ಡು ಸಾಲದೆ ನಡುವೆ ಔಷಧ ಬಿಟ್ಟು, ಮತ್ತೆ ಶುರುಮಾಡಿ, ಮತ್ತೆ ಬಿಡುವ ನಾಯಿಗಳು ಬಹಳ. ಡಾಕ್ಟರ ಮುಂದೆ ಸಂಕೋಚಪಡದೆ "ತಿಂಗಳಿಗೆ ಇಷ್ಟು ಆಗತೈತ್ರಿ, ಇದರಾಗ ಕೂಡಸಿ ಕೊಡ್ರಿ" ಎಂದು ಹೇಳಿದರೆ ಅವರೂ ಅದಕ್ಕೆ ತಕ್ಕ ದಾರಿ ಹುಡುಕುತ್ತಾರೆ.

ಮೊದಲು ಕತ್ತರಿ ಬೀಳಬೇಕಾದ್ದು ಬೇಡದ ಬಾಟಲಿಗಳಿಗೆ. ಕುಶಿಂಗ್ಸ್‌ನಲ್ಲಿ ಎಎಲ್‌ಪಿ ಎಂಬ ಯಕೃತ್ತಿನ ಅಂಕಿ ವಿಪರೀತ ಏರುತ್ತದೆ. ಅದನ್ನು ಕಂಡು ತಿಂಗಳುಗಟ್ಟಲೆ ಲಿವರ್ ಟಾನಿಕ್ ಕುಡಿಸುವವರಿದ್ದಾರೆ. ಆ ಏರಿಕೆ ಬಹುಪಾಲು ಕಾರ್ಟಿಸೋಲ್‌ನ ಪರಿಣಾಮ, ಚಿಕಿತ್ಸೆ ನಡೆದ ಮೇಲೂ ಪೂರ್ತಿ ಇಳಿಯದಿರಬಹುದು. ಕೂದಲಿನ ಟಾನಿಕ್, ದುಬಾರಿ ಶಾಂಪೂ ಕೂಡ ಇದೇ ಸಾಲಿನವು.

ನಂತರ ಕ್ಯಾಪ್ಸೂಲಿನ ಲೆಕ್ಕ. ದೇಹತೂಕವೇ ಖರ್ಚು ನಿರ್ಧರಿಸುತ್ತದೆ. ಕಿಲೋಗೆ 1 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಶುರುಮಾಡುವುದು ಈಗ ಸಾಮಾನ್ಯ ಪದ್ಧತಿ. 10 ಕಿಲೋ ನಾಯಿಗೆ ತಿಂಗಳಿಗೆ 10 ಮಿಲಿಗ್ರಾಂನ 60 ಕ್ಯಾಪ್ಸೂಲ್, 30 ಕಿಲೋ ಲ್ಯಾಬ್ರಡಾರಿಗೆ 30 ಮಿಲಿಗ್ರಾಂನ 60. ಆಮದು ಬ್ರಾಂಡಾದ ವೆಟೋರಿಲ್ 5, 10, 30, 60, 120 ಮಿಲಿಗ್ರಾಂ ಅಳತೆಗಳಲ್ಲಿದೆ. ಪ್ರತಿ ಮಿಲಿಗ್ರಾಂಗೆ ಎಷ್ಟು ಬೀಳುತ್ತದೆಂದು ಭಾಗಿಸಿ ನೋಡಿ, ದೊಡ್ಡ ಅಳತೆ ಅಗ್ಗ ಬೀಳುವುದುಂಟು. ಹಾಗೆಂದು ದೊಡ್ಡದನ್ನು ತಂದು ಒಡೆಯುವಂತಿಲ್ಲ. ಕಂಪೌಂಡಿಂಗ್, ಎಂದರೆ ಬೇಕಾದ ಅಳತೆಗೆ ಔಷಧವನ್ನು ತಾವೇ ತಯಾರಿಸಿಕೊಡುವ ಕಡೆ ಅಗ್ಗಕ್ಕೆ ಸಿಗಬಹುದು. ಆದರೆ ಹಾಗೆ ತಯಾರಾದ ಟ್ರೈಲೋಸ್ಟೇನ್‌ನಲ್ಲಿ ಔಷಧದ ಅಂಶ ಏರುಪೇರಾಗಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆ ದಾರಿ ಹಿಡಿದರೆ ಪ್ರತಿ ಸಲ ಒಂದೇ ಕಡೆಯಿಂದ ತರಿಸಿ, ಮೂಲ ಬದಲಾದಾಗ ಮತ್ತೆ ಕಾರ್ಟಿಸೋಲ್ ನೋಡಿಸಿ. ನಮ್ಮ ಊರುಗಳ ಅಂಗಡಿಗಳಲ್ಲಿ ಇದು ತಟ್ಟನೆ ಸಿಗುವ ಸರಕಲ್ಲ. ಎರಡು ವಾರದ್ದು ಉಳಿದಿರುವಾಗಲೇ ಆರ್ಡರ್ ಹಾಕುವುದು ಒಳ್ಳೆಯದು.

ಪರೀಕ್ಷೆಯಲ್ಲಿ ಉಳಿತಾಯ ಮಾಡುವುದಾದರೆ ಯಾವುದನ್ನು ಬಿಡಬಾರದು ಎಂದು ತಿಳಿದಿರಲಿ. ಶುರುವಾದ 10–14 ದಿನಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆಮೇಲೆ ಮೂರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಕ್ರಮ. ಡೋಸ್ ಬದಲಾದರೆ ಈ ಎಣಿಕೆ ಮೊದಲಿನಿಂದ. ಮೊದಲ ಎರಡನ್ನು ಯಾವ ಕಾರಣಕ್ಕೂ ಬಿಡಬೇಡಿ, ಕಾರ್ಟಿಸೋಲ್ ಮೊದಲ ತಿಂಗಳಲ್ಲಿ ತಾನಾಗಿಯೇ ಇನ್ನಷ್ಟು ಇಳಿಯುತ್ತಾ ಹೋಗುತ್ತದೆ. ವರ್ಷದ ಮೇಲೆ ನಾಯಿ ಸ್ಥಿರವಾಗಿದ್ದರೆ ಅಂತರ ಹಿಗ್ಗಿಸಬಹುದೇ ಎಂದು ಕೇಳಿ. ಊರಿನ ದವಾಖಾನೆಯಲ್ಲೇ ರಕ್ತ ತೆಗೆಸಿ ಅದರಿಂದ ಬೇರ್ಪಡಿಸಿದ ತಿಳಿದ್ರವ (ಸೀರಂ) ಮಾತ್ರ ಲ್ಯಾಬ್‌ಗೆ ಕಳಿಸಿದರೆ ಕಾರು ಬಾಡಿಗೆ ಉಳಿಯುತ್ತದೆ. ಅಥಣಿಯಲ್ಲೂ ಗದಗದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಎರಡನೇ ಅಭಿಪ್ರಾಯ ಬೇಕೆನ್ನುವವರು ಅಲ್ಲಿ ಯಾವ ಪರೀಕ್ಷೆ ಆಗುತ್ತದೆಂದು ಮೊದಲೇ ವಿಚಾರಿಸಿ ಹೊರಡಿ.

ಬೇರೆ ಔಷಧಗಳೂ ಇವೆ. ಮೈಟೋಟೇನ್ ಅಡ್ರಿನಲ್ ಪದರವನ್ನೇ ಸುಡುವಂಥದ್ದು, ಅನುಭವಿ ಕೈ ಬೇಕು. ಕೀಟೊಕೊನಜೋಲ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಯಕೃತ್ತಿಗೆ ಭಾರ, ಎಲ್ಲ ನಾಯಿಗಳಿಗೂ ನಾಟುವುದಿಲ್ಲ. ಅಗ್ಗವೆಂಬ ಒಂದೇ ಕಾರಣಕ್ಕೆ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ, ಬೇರೆ ದಾರಿಯೇ ಇಲ್ಲದಾಗ ಡಾಕ್ಟರು ಯಕೃತ್ತಿನ ಪರೀಕ್ಷೆ ಇಟ್ಟುಕೊಂಡು ಬಳಸುತ್ತಾರೆ. ಇನ್ನೊಂದು ಸಂಗತಿಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ರಿಪೋರ್ಟಿನಲ್ಲಿ ಕುಶಿಂಗ್ಸ್ ಇದ್ದು ನಾಯಿಗೆ ತೊಂದರೆ ಕೊಡುವ ಲಕ್ಷಣಗಳಿಲ್ಲದಿದ್ದರೆ ಔಷಧ ಶುರುಮಾಡದೆ ಗಮನಿಸುತ್ತಾ ಇರುವುದೂ ಒಪ್ಪಿತ ಕ್ರಮವೇ. ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್ ಆಗಾಗ ನೋಡಿಸಿದರಾಯಿತು.

ಮನೆಯವರ ಸುರಕ್ಷತೆ

ಬಸುರಿಯರು, ಮಗು ಬೇಕೆಂದಿರುವವರು ಈ ಕ್ಯಾಪ್ಸೂಲ್ ಮುಟ್ಟಬಾರದು, ಮುಟ್ಟಲೇಬೇಕಾದರೆ ಕೈಗವಸು ಹಾಕಿಕೊಳ್ಳಬೇಕು. ಉಳಿದವರು ಕೊಟ್ಟಮೇಲೆ ಸಾಬೂನಿನಿಂದ ಕೈ ತೊಳೆದರೆ ಸಾಕು. ಮನೆಯ ಹಿರಿಯರ ಬಿಪಿ, ಶುಗರ್ ಗುಳಿಗೆಗಳ ಡಬ್ಬಿಯಲ್ಲಿ ಇದನ್ನು ಸೇರಿಸಿಡಬೇಡಿ. ಜಾತ್ರೆಗೋ ಮದುವೆಗೋ ಊರಿಗೆ ಹೋಗುವಾಗ ನಾಯಿಯನ್ನು ಪಕ್ಕದ ಮನೆಗೆ ಒಪ್ಪಿಸುವುದಾದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಎರಡು ಸಾಲು ಬರೆದು ಅಂಟಿಸಿ: "ಊಟ ಮಾಡಿದ್ರಷ್ಟ ಗುಳಿಗಿ. ಊಟ ಬಿಟ್ರ ಗುಳಿಗಿ ಬ್ಯಾಡ, ಈ ನಂಬರಿಗೆ ಫೋನ್ ಮಾಡ್ರಿ." ಕೆಳಗೆ ನಿಮ್ಮದೂ ಡಾಕ್ಟರದೂ ನಂಬರ್ ಇರಲಿ.